ನಾಯಿ ಬಿಸ್ಕತ್ತು ಮೆತ್ತಗಾಯ್ತಾ, ಬೂಸ್ಟು ಹಿಡೀತಾ? ತಪ್ಪು ಎಲ್ಲಾಗಿದೆ ಅಂತ ಹುಡುಕುವ ಬಗೆ

ತೀರ್ಥಹಳ್ಳಿ ಕಡೆ ಜುಲೈ ಅಂದರೆ ಗೊತ್ತಲ್ಲ, ಒಗೆದ ಬಟ್ಟೆ ನಾಲ್ಕು ದಿನ ಹಗ್ಗದ ಮೇಲೇ ಇರುತ್ತದೆ. ಅಂಥದೊಂದು ಜುಲೈನಲ್ಲಿ ನಮ್ಮ ನಾಯಿ ಗುಂಡನಿಗೆ ಅಂತ ಮನೆಯಲ್ಲೇ ಬಿಸ್ಕತ್ತು ಮಾಡಿ ಸ್ಟೀಲ್ ಡಬ್ಬಕ್ಕೆ ತುಂಬಿಟ್ಟಿದ್ದೆ. ಮೂರನೇ ದಿನ ಮುಚ್ಚಳ ತೆಗೆದರೆ ಮುಗ್ಗಲು ವಾಸನೆ. ಮೇಲಿನವು ಚೆನ್ನಾಗೇ ಇದ್ದವು. ಅಡಿಯಿಂದ ಒಂದನ್ನು ತೆಗೆದು ತಿರುಗಿಸಿದೆ. ಅಂಚಿನಲ್ಲಿ ಹತ್ತಿಯಂಥ ಬಿಳಿ ಬೂಸ್ಟು, ನಡುವೆ ಸಾಸಿವೆ ಕಾಳಿನಷ್ಟು ಹಸಿರು ಚುಕ್ಕೆ. ನಲವತ್ತಕ್ಕೂ ಜಾಸ್ತಿ ಬಿಸ್ಕತ್ತು ಕಸಕ್ಕೆ ಹೋಯಿತು. ಗುಂಡ ಬಾಗಿಲಲ್ಲಿ ಕೂತು ಎಲ್ಲಾ ನೋಡುತ್ತಿದ್ದ.

ಮೊದಲು ಹಿಟ್ಟಿನ ಮೇಲೆ ಅನುಮಾನ ಬಂತು. ಗಿರಣಿಯಲ್ಲಿ ಬೀಸಿಸಿ ತಿಂಗಳಾಗಿತ್ತು. ಹೊಸ ಹಿಟ್ಟು ತಂದು ಮಾಡಿದೆ, ಮತ್ತೆ ಬೂಸ್ಟು. ಆಮೇಲೆ ಡಬ್ಬದ ಮೇಲೆ ಅನುಮಾನ. ಗಾಜಿನ ಭರಣಿ ತಂದೆ. ಅದರಲ್ಲಿ ಐದು ದಿನ ತಡೆಯಿತು, ಅಷ್ಟೇ ಲಾಭ. ಎರಡು ಸಲವೂ ಸುಮ್ನೆ ಊಹೆ ಮೇಲೆ ಹೊರಟಿದ್ದೆ. ಮೂರನೇ ಸಲ ಅಮ್ಮ ಡಬ್ಬದೊಳಗೆ ಇಣುಕಿ ಒಂದೇ ಮಾತು ಕೇಳಿದಳು: "ಹಪ್ಪಳ ಸರಿಯಾಗಿ ಒಣಗದೆ ಡಬ್ಬಕ್ಕೆ ತುಂಬ್ತಾರೇನೇ ಯಾರಾದ್ರೂ?"

ನಾನು ಬಿಸ್ಕತ್ತನ್ನು ಬೇಯಿಸುತ್ತಿದ್ದೆ. ಒಣಗಿಸುತ್ತಿರಲಿಲ್ಲ. ಅದು ಬೇರೆ ಕೆಲಸ, ಇದು ಬೇರೆ ಕೆಲಸ.

ನಾವು ತಿನ್ನುವ ಬಿಸ್ಕತ್ತಿಗೆ ಈ ತಾಪತ್ರಯ ಅಷ್ಟಿಲ್ಲ. ಅದರಲ್ಲಿ ಸಕ್ಕರೆ, ಬೆಣ್ಣೆ ಧಾರಾಳ, ನೀರು ಕಡಿಮೆ. ಇರುವ ಅಷ್ಟಿಷ್ಟು ನೀರನ್ನೂ ಸಕ್ಕರೆ ಹಿಡಿದಿಟ್ಟುಕೊಳ್ಳುತ್ತದೆ, ಬೂಸ್ಟಿಗೆ ಬಿಟ್ಟುಕೊಡುವುದಿಲ್ಲ. ನಾಯಿಗೆ ಮಾಡುವ ಬಿಸ್ಕತ್ತಿನಲ್ಲಿ ಸಕ್ಕರೆ ಇಲ್ಲ, ಉಪ್ಪಿಲ್ಲ, ಕೆಡದಂತೆ ಕಾಯುವ ಪುಡಿಯೂ ಇಲ್ಲ. ಮೇಲಿಂದ ಕುಂಬಳಕಾಯಿ, ಗೆಣಸು, ಮೊಟ್ಟೆ ಅಂತ ನೀರಿನ ಪದಾರ್ಥಗಳನ್ನೇ ತುಂಬುತ್ತೇವೆ. ಹಾಗಾಗಿ ಇಲ್ಲಿ ಕಾವಲಿಗೆ ಇರುವುದು ಒಣಗುವಿಕೆ ಒಂದೇ.

ಬಿಸ್ಕತ್ತು ಅನ್ನುವ ಪದದ ಮೂಲ ಅರ್ಥವೇ ಎರಡು ಸಲ ಬೇಯಿಸಿದ್ದು ಅಂತ, ಲ್ಯಾಟಿನ್‌ನಿಂದ ಬಂದದ್ದು. ಹಿಂದೆ ಹಡಗಿನವರು ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತಿದ್ದ ಕಲ್ಲಿನಂಥ ಬಿಸ್ಕತ್ತು ಉಳಿಯುತ್ತಿದ್ದದ್ದೂ ಅದು ಪೂರ್ತಿ ಒಣಗಿರುತ್ತಿದ್ದ ಕಾರಣಕ್ಕೇ. 1860ರ ಸುಮಾರಿಗೆ ಲಂಡನ್‌ನಲ್ಲಿ ನಾಯಿ ಬಿಸ್ಕತ್ತಿನ ವ್ಯಾಪಾರ ಶುರು ಮಾಡಿದ ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕದವನಿಗೆ ಆ ಯೋಚನೆ ಹೊಳೆದದ್ದು ಹಡಗುಕಟ್ಟೆಯಲ್ಲಿ ನಾಯಿಗಳು ಅಂಥ ಬಿಸ್ಕತ್ತು ತಿನ್ನುವುದನ್ನು ನೋಡಿ ಅಂತ ಹೇಳುತ್ತಾರೆ. ಅಷ್ಟು ದೂರ ಯಾಕೆ, ನಮ್ಮ ಬೇಕರಿಯ ರಸ್ಕ್ ನೋಡಿ. ಬ್ರೆಡ್ ನಾಲ್ಕು ದಿನಕ್ಕೆ ಬೂಸ್ಟು ಹಿಡಿಯುತ್ತದೆ. ಅದೇ ಬ್ರೆಡ್ಡನ್ನು ಕತ್ತರಿಸಿ ಇನ್ನೊಮ್ಮೆ ಓವನ್ನಿಗಿಟ್ಟರೆ ತಿಂಗಳು ಇರುತ್ತದೆ.

ಹೋಲಿಸಿ ನೋಡಲು ಒಂದು ಅಳತೆ

ತಪ್ಪು ಹುಡುಕಬೇಕಾದರೆ ಸರಿ ಯಾವುದು ಅಂತ ಗೊತ್ತಿರಬೇಕಲ್ಲ. ನಾನು ಮಾಡುವುದು ಹೀಗೆ. ಗೋಧಿ ಹಿಟ್ಟು 150 ಗ್ರಾಂ, ರಾಗಿ ಹಿಟ್ಟು 50 ಗ್ರಾಂ, ಹಬೆಯಲ್ಲಿ ಬೇಯಿಸಿ ಕಿವುಚಿದ ಸಿಹಿಗುಂಬಳ (ನಮ್ಮ ಕಡೆ ಚೀನಿಕಾಯಿ) 100 ಗ್ರಾಂ, ಒಂದು ಮೊಟ್ಟೆ, ಹುರಿದ ಶೇಂಗಾ ಮಿಕ್ಸಿಯಲ್ಲಿ ಎಣ್ಣೆ ಬಿಡುವ ತನಕ ರುಬ್ಬಿದ್ದು 20 ಗ್ರಾಂ. ಉಪ್ಪು, ಬೆಲ್ಲ, ಸೋಡಾ ಯಾವುದೂ ಇಲ್ಲ. ಚಪಾತಿ ಹಿಟ್ಟಿನ ಹದಕ್ಕೆ ಕಲಸಿ, ಲಟ್ಟಿಸಿ, ಸಣ್ಣ ಚೌಕ ಕತ್ತರಿಸಿ, ಫೋರ್ಕಿನಿಂದ ಚುಚ್ಚುತ್ತೇನೆ. ದಪ್ಪ 5 ಮಿಲಿಮೀಟರ್. ಮೂರು ಹತ್ತು ರೂಪಾಯಿ ನಾಣ್ಯ ಒಂದರ ಮೇಲೊಂದು ಇಟ್ಟರೆ ಹತ್ತಿರ ಹತ್ತಿರ ಅಷ್ಟಾಗುತ್ತದೆ. 160 ಡಿಗ್ರಿಯಲ್ಲಿ 25ರಿಂದ 30 ನಿಮಿಷ, ಆಮೇಲೆ 100 ಡಿಗ್ರಿಗೆ ಇಳಿಸಿ ಒಂದರಿಂದ ಒಂದೂವರೆ ಗಂಟೆ. ಸುಮಾರು 46 ಬಿಸ್ಕತ್ತು ಬರುತ್ತವೆ. ಹಸಿಯಿದ್ದಾಗ ಒಂದೊಂದು 8 ಗ್ರಾಂ, ಒಣಗಿದ ಮೇಲೆ 5.

ಈ 8 ಮತ್ತು 5ರ ನಡುವೆಯೇ ಅರ್ಧಕ್ಕರ್ಧ ತೊಂದರೆಗಳಿಗೆ ಉತ್ತರ ಸಿಗುತ್ತದೆ.

ಮೆತ್ತಗಾಗುತ್ತದೆ, ಬೂಸ್ಟು ಬರುತ್ತದೆ

ಮೆತ್ತಗಾದ ಬಿಸ್ಕತ್ತಿಗೆ ನೀರು ಬರಲು ಎರಡೇ ದಾರಿ. ಒಂದೋ ಒಳಗೇ ಉಳಿದಿತ್ತು, ಇಲ್ಲಾ ಹೊರಗಿನ ಗಾಳಿಯಿಂದ ಬಂತು. ಕೈಗೆ ಎರಡೂ ಒಂದೇ ಥರ ಮೆತ್ತಗೆ ಹತ್ತುತ್ತವೆ, ಮದ್ದು ಮಾತ್ರ ಬೇರೆ ಬೇರೆ. ಒಂದಕ್ಕೆ ಓವನ್ ಸರಿಮಾಡಬೇಕು, ಇನ್ನೊಂದಕ್ಕೆ ಮುಚ್ಚಳ.

ಯಾವುದು ಅಂತ ತಿಳಿಯಲು ಅಡುಗೆಮನೆಯ ಸಣ್ಣ ತೂಕದ ಮಷಿನ್ ಸಾಕು. ಬಿಸ್ಕತ್ತು ಪೂರ್ತಿ ಆರಿದ ಮೇಲೆ 100 ಗ್ರಾಂ ತೂಗಿ ಡಬ್ಬಕ್ಕೆ ಹಾಕಿ ಮುಚ್ಚಿ. ಮಾರನೇ ದಿನ ಅಷ್ಟನ್ನೂ ಮತ್ತೆ ತೂಗಿ. ಮೆತ್ತಗಾಗಿದೆ, ಆದರೆ ತೂಕ 100ರಲ್ಲೇ ನಿಂತಿದೆ ಅಂದರೆ ಹೊರಗಿನಿಂದ ಏನೂ ಬಂದಿಲ್ಲ. ನಡುವಿನಲ್ಲಿ ಅಡಗಿದ್ದ ನೀರೇ ರಾತ್ರಿಯೆಲ್ಲಾ ಅಂಚಿನ ಕಡೆ ಹರಡಿದೆ. ತೂಕ 103, 104 ಆಗಿದೆ ಅಂದರೆ ಗಾಳಿಯ ತೇವ ಕುಡಿದಿದೆ. ಈ ಒಂದು ಪರೀಕ್ಷೆ ಮೊದಲೇ ಗೊತ್ತಿದ್ದರೆ ನಾನು ಭರಣಿಗೆ ದುಡ್ಡು ಹಾಕುತ್ತಿರಲಿಲ್ಲ.

ನನ್ನದು ಮೊದಲನೆಯ ಥರದ್ದು. ಲೆಕ್ಕ ಹಾಕಿದರೆ ಆಶ್ಚರ್ಯವೇನೂ ಇಲ್ಲ. 200 ಗ್ರಾಂ ಒಣ ಹಿಟ್ಟಿನಲ್ಲೇ ಸುಮಾರು 24 ಗ್ರಾಂ ನೀರಿರುತ್ತದೆ. 100 ಗ್ರಾಂ ಕುಂಬಳದಲ್ಲಿ 90, ಒಂದು ಮೊಟ್ಟೆಯಲ್ಲಿ 38. ಅಂದರೆ ಕಲಸಿದ 370 ಗ್ರಾಂ ಮುದ್ದೆಯಲ್ಲಿ ಹತ್ತಿರ ಹತ್ತಿರ 152 ಗ್ರಾಂ ಬರೀ ನೀರು. ಗಟ್ಟಿ ಪದಾರ್ಥ 218 ಗ್ರಾಂ ಮಾತ್ರ. ಬಿಸ್ಕತ್ತು ವಾರಗಟ್ಟಲೆ ಇರಬೇಕಾದರೆ ಅದರಲ್ಲಿ ನೀರು ನೂರಕ್ಕೆ ಎಂಟರ ಆಸುಪಾಸಿಗೆ ಇಳಿಯಬೇಕು, ಅಂದರೆ ಒಟ್ಟು ತೂಕ 235–240 ಗ್ರಾಂಗೆ ಬರಬೇಕು. ನನ್ನ ಹಳೆ ರೀತಿಯಲ್ಲಿ 30 ನಿಮಿಷ ಬೇಯಿಸಿ ತೂಗಿದೆ. 284 ಬಂತು. ಬಣ್ಣ ಚೆನ್ನಾಗಿ ಬಂದಿತ್ತು, ಮೇಲ್ಮೈ ಗಟ್ಟಿ ಇತ್ತು, ಘಮ ಇಡೀ ಮನೆಗೆ ಹಬ್ಬಿತ್ತು. ಒಳಗೆ ಇನ್ನೂ 66 ಗ್ರಾಂ ನೀರು. ಕಾಲು ಭಾಗಕ್ಕೆ ಸ್ವಲ್ಪವೇ ಕಡಿಮೆ!

ಬಣ್ಣ ನೋಡಿ ಮೋಸ ಹೋಗುವುದು ಇಲ್ಲೇ. ಕಂದು ಬಣ್ಣ ಬರುವುದು ಮೇಲ್ಮೈಯಲ್ಲಿ, ಅದಕ್ಕೆ ಬಿಸಿ ಸಾಕು. ನೀರು ಹೊರಬರಲು ಹೊತ್ತು ಬೇಕು. ಉರಿ ಜಾಸ್ತಿ ಮಾಡಿದರೆ ಬೇಗ ಒಣಗುತ್ತದೆ ಅಂದುಕೊಂಡು ನಾನು 200 ಡಿಗ್ರಿಗೂ ಇಟ್ಟು ನೋಡಿದೆ. ಮೇಲೆ ಗಟ್ಟಿ ಸಿಪ್ಪೆ ಕಟ್ಟಿ ಒಳಗಿನ ನೀರಿಗೆ ದಾರಿಯೇ ಮುಚ್ಚಿಹೋಯಿತು. ಆ ಬಿಸ್ಕತ್ತು ಸಂಜೆ ಕಟುಂ ಅನ್ನುತ್ತಿತ್ತು, ಬೆಳಿಗ್ಗೆ ಹೊತ್ತಿಗೆ ಖರ್ಜೂರದಂತೆ ಬಾಗುತ್ತಿತ್ತು.

ಹಾಗಾದರೆ ಪರಿಹಾರ? ಬಣ್ಣ ಬಂದ ಮೇಲೆ ಉರಿ ಇಳಿಸಿ, ತಟ್ಟೆಯಲ್ಲಿ ಬಿಸ್ಕತ್ತುಗಳನ್ನು ಮಗುಚಿ, 100 ಡಿಗ್ರಿಯಲ್ಲಿ ಬಿಡಿ. ಓವನ್ ಬಾಗಿಲ ಸಂದಿಗೆ ಮರದ ಸೌಟಿನ ಹಿಡಿ ಸಿಕ್ಕಿಸಿ ಸ್ವಲ್ಪ ತೆರೆದಿಡಿ, ಹಬೆ ಹೊರಗೆ ಹೋಗಲಿ. ಮೊದಲ ಹತ್ತು ನಿಮಿಷ ಬಾಗಿಲ ಸಂದಿಗೆ ಕನ್ನಡಕ ಹಿಡಿದರೆ ಗಾಜು ಪೂರ್ತಿ ಮಂಜಾಗುತ್ತದೆ. ಗಂಟೆ ಕಳೆದ ಮೇಲೆ ಹಿಡಿದು ನೋಡಿ, ಅಷ್ಟೊಂದು ಆಗುವುದಿಲ್ಲ. ಅರ್ಧ ಗಂಟೆಗೊಮ್ಮೆ ತೂಗಿ, 240ರ ಕೆಳಗೆ ಬಂದರೆ ನಿಲ್ಲಿಸಿ. ಆಮೇಲೆ ಓವನ್ ಆಫ್ ಮಾಡಿ ಒಳಗೇ ಆರಲು ಬಿಡಿ.

ಈ ತೂಕದ ಲೆಕ್ಕದಲ್ಲಿ ಒಂದು ಅನುಕೂಲ ಇದೆ. ಕಲಸುವಾಗ ನೀರು ಹೆಚ್ಚುಕಮ್ಮಿ ಆದರೂ ಕೊನೆಯ ತೂಕ ಬದಲಾಗುವುದಿಲ್ಲ. ಹಿಟ್ಟು ಬಿರುಸಾಯಿತು ಅಂತ ಎರಡು ಚಮಚ ನೀರು ಚಿಮುಕಿಸಿದಿರಾ? ಮುಟ್ಟಬೇಕಾದ ಗುರಿ ಅದೇ 240, ಹೊತ್ತು ಮಾತ್ರ ಜಾಸ್ತಿ ಹಿಡಿಯುತ್ತದೆ. ಆದರೆ ಪದಾರ್ಥ ಬದಲಾಯಿಸಿದರೆ ಗುರಿಯೂ ಬದಲಾಗುತ್ತದೆ. ಕುಂಬಳದ ಬದಲು ಗೆಣಸು ಅಥವಾ ಬಾಳೆಹಣ್ಣು ಹಾಕಿದರೆ 250ರ ಹತ್ತಿರ ನಿಲ್ಲಿಸಿ, ಅವುಗಳಲ್ಲಿ ಗಟ್ಟಿ ಅಂಶ ಜಾಸ್ತಿ.

ತೂಕದ ಮಷಿನ್ ಇಲ್ಲದವರು ಕಿವಿ ನಂಬಬಹುದು. ಆರಿದ ಬಿಸ್ಕತ್ತನ್ನು ಒಂದು ಗೇಣು ಎತ್ತರದಿಂದ ಸ್ಟೀಲ್ ತಟ್ಟೆಗೆ ಬಿಡಿ. ಒಣಗಿದ್ದರೆ ಟಣ್ ಅನ್ನುತ್ತದೆ, ಹಸಿ ಇದ್ದರೆ ದೊಪ್. ಹಪ್ಪಳದ ಹದ ಕೇಳಿ ಅಭ್ಯಾಸ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅನುಮಾನ ಇದ್ದರೆ ಆರಿದ ನಾಲ್ಕು ಬಿಸ್ಕತ್ತು ಗಾಜಿನ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿ, ಬಿಸಿಲಿಗೋ ಒಲೆಯ ಪಕ್ಕಕ್ಕೋ ಒಂದು ಗಂಟೆ ಇಡಿ. ಬಾಟಲಿ ಒಳಗೆ ಬೆವರಿದರೆ ಎಲ್ಲವನ್ನೂ ವಾಪಸ್ ಓವನ್ನಿಗೆ ಹಾಕಿ.

ಇನ್ನೂ ಬೆಚ್ಚಗಿರುವಾಗಲೇ ಡಬ್ಬಕ್ಕೆ ತುಂಬಿದರೂ ಇದೇ ಗತಿ. ಹಬೆ ಮುಚ್ಚಳಕ್ಕೆ ತಾಗಿ ಹನಿಯಾಗಿ ಕೆಳಗೆ ಬೀಳುತ್ತದೆ. ಇಂಥ ಡಬ್ಬದಲ್ಲಿ ಬೂಸ್ಟು ಮೇಲಿನ ಸಾಲಿನಲ್ಲಿ ಮೊದಲು ಕಾಣುತ್ತದೆ. ಅಡಿಯಲ್ಲಿ ಮೊದಲು ಕಂಡರೆ ಹೆಚ್ಚಾಗಿ ಬಿಸ್ಕತ್ತೇ ಒಣಗಿಲ್ಲ.

ಇನ್ನು ಎರಡನೇ ಥರ, ಗಾಳಿಯ ತೇವ. ಮಲೆನಾಡು, ಕರಾವಳಿಯವರಿಗೆ ಮಳೆಗಾಲದಲ್ಲಿ ಇದರಿಂದ ತಪ್ಪಿಸಿಕೊಳ್ಳುವುದು ಕಷ್ಟ. ಒಂದೇ ದೊಡ್ಡ ಡಬ್ಬ ಬೇಡ. ದಿನಕ್ಕೆ ನಾಲ್ಕು ಸಲ ತೆಗೆಯುವ ಡಬ್ಬಕ್ಕೆ ದಿನವೂ ನಾಲ್ಕು ಸಲ ಹೊಸ ಗಾಳಿ. ವಾರಕ್ಕಾಗುವಷ್ಟು ಸಣ್ಣ ಡಬ್ಬದಲ್ಲಿ, ಉಳಿದದ್ದು ಜಿಪ್ ಕವರಿನಲ್ಲಿ ಹಾಕಿ ಫ್ರೀಜರಿನಲ್ಲಿಡಿ, ಎರಡು ತಿಂಗಳು ಆರಾಮಾಗಿ ಇರುತ್ತದೆ. ಬರೀ ಮೆತ್ತಗಾಗಿದ್ದು ಬೂಸ್ಟು ಇಲ್ಲದಿದ್ದರೆ 100 ಡಿಗ್ರಿಯಲ್ಲಿ 20 ನಿಮಿಷ ಇಟ್ಟು ಗರಿಗರಿ ಮಾಡಿಕೊಳ್ಳಬಹುದು.

ಬೂಸ್ಟು ಬಂದದ್ದಕ್ಕೆ ಮಾತ್ರ ಈ ರಿಪೇರಿ ಇಲ್ಲ. "ಅಷ್ಟು ಭಾಗ ಕೆರೆದು ಹಾಕಿದರಾಯ್ತು, ನಾಯಿ ತಾನೇ" ಅಂತ ಹೇಳುವವರಿದ್ದಾರೆ. ಬೂಸ್ಟಿನ ಬೇರು ಕಣ್ಣಿಗೆ ಕಾಣುವುದಕ್ಕಿಂತ ಆಳಕ್ಕೆ ಇಳಿದಿರುತ್ತದೆ, ಕೆಲವು ಬೂಸ್ಟಿನ ವಿಷ ಬಿಸಿಗೂ ಹೋಗುವುದಿಲ್ಲ. ಶೇಂಗಾ, ಜೋಳಕ್ಕೆ ಹಿಡಿಯುವ ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ನಾಯಿಯ ಲಿವರನ್ನೇ ಕೆಡಿಸುತ್ತದೆ. ಹಾಗಾಗಿ ಮುಗ್ಗಿದ, ಸುಕ್ಕುಗಟ್ಟಿದ, ಬಣ್ಣಗೆಟ್ಟ ಶೇಂಗಾ ಬೀಜವನ್ನು ಹುರಿಯುವ ಮೊದಲೇ ಆರಿಸಿ ಎಸೆಯಿರಿ. ಅಗ್ಗಕ್ಕೆ ಸಿಕ್ಕ ಶೇಂಗಾ ನಾಯಿಗೆ ಸಾಕು ಅನ್ನುವ ಲೆಕ್ಕಾಚಾರ ಬೇಡವೇ ಬೇಡ.

ಕುಕ್ಕರಿನಲ್ಲಿ ಮಾಡಿದರೆ ಒಣಗುವುದೇ ಇಲ್ಲ

ಓವನ್ ಇಲ್ಲದೆ ಕುಕ್ಕರಿನ ಅಡಿಗೆ ಉಪ್ಪು ಹರಡಿ, ಗ್ಯಾಸ್ಕೆಟ್ ಮತ್ತು ವಿಷಲ್ ತೆಗೆದು ಬೇಯಿಸುವವರು ಬಹಳ. ಬೇಯಲು ಏನೂ ಅಡ್ಡಿಯಿಲ್ಲ. ಆದರೆ ಒಣಗಲು ಅದು ಜಾಗವಲ್ಲ. ಮುಚ್ಚಳದ ತೂತಿನಿಂದ ಹೋಗುವ ಹಬೆ ಎಷ್ಟು? ಉಳಿದದ್ದು ಒಳಗೇ ಸುತ್ತುತ್ತದೆ. ಒಂದು ಗಂಟೆ ಹೆಚ್ಚಿಗೆ ಇಟ್ಟರೆ ತಳ ಕರಟುತ್ತದೆ, ನಡು ಹಸಿಯೇ ಇರುತ್ತದೆ.

ಬೇಯುವ ತನಕ ಕುಕ್ಕರ್, ಆಮೇಲೆ ಕಾವಲಿ ಇಟ್ಟುಕೊಳ್ಳಿ. ದಪ್ಪ ಕಬ್ಬಿಣದ ದೋಸೆ ಕಾವಲಿ, ತೀರಾ ಸಣ್ಣ ಉರಿ, ಮುಚ್ಚಳ ಬೇಡ. ಐದು ನಿಮಿಷಕ್ಕೊಮ್ಮೆ ಮಗುಚುತ್ತಾ 40 ನಿಮಿಷ. ಬೇಸರದ ಕೆಲಸವೇ, ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಪಕ್ಕದ ಒಲೆಯಲ್ಲಿ ಇಟ್ಟುಕೊಂಡರೆ ತಿಳಿಯುವುದಿಲ್ಲ. ಬೇಸಿಗೆಯಲ್ಲಾದರೆ ಬಿಸಿಲಿದೆ. ತೆಳ್ಳನೆ ಪಂಚೆ ಬಟ್ಟೆ ಮುಚ್ಚಿ ಸಂಡಿಗೆಯ ಪಕ್ಕದಲ್ಲೇ ಒಂದು ದಿನ ಒಣಗಿಸಿ. ಕಾಗೆ ಕಾಯುವ ಕೆಲಸಕ್ಕೆ ನಾಯಿಯನ್ನು ಮಾತ್ರ ನೇಮಿಸಬೇಡಿ.

ತಳ ಕಪ್ಪು, ನಡು ಹಿಟ್ಟುಹಿಟ್ಟು

ಇದು ಬಹಳ ಸಲ ಓವನ್ನಿನ ಗುಂಡಿ ಹೇಳುವ ಸುಳ್ಳು. ನಮ್ಮ ಓಟಿಜಿಯಲ್ಲಿ (ಮೇಜಿನ ಮೇಲಿಡುವ ಸಣ್ಣ ಕರೆಂಟ್ ಓವನ್) ಗುಂಡಿ 160ಕ್ಕೆ ಇಟ್ಟರೆ ಒಳಗಿಟ್ಟ ಥರ್ಮಾಮೀಟರ್ 185 ತೋರಿಸಿತು. ಸಣ್ಣ ಓಟಿಜಿಗಳಲ್ಲಿ ಇಷ್ಟು ವ್ಯತ್ಯಾಸ ಅಪರೂಪವೇನಲ್ಲ. ಅಂದಿನಿಂದ ನಾನು 135ಕ್ಕೆ ತಿರುಗಿಸುತ್ತೇನೆ. ಓವನ್ ಥರ್ಮಾಮೀಟರಿಗೆ ಕೆಲವು ನೂರು ರೂಪಾಯಿ ಅಷ್ಟೇ. ಅದೂ ಸರಿ ಇದ್ದರೆ ತಟ್ಟೆಯನ್ನು ಒಂದು ಮೆಟ್ಟಿಲು ಮೇಲಕ್ಕೇರಿಸಿ, ಕೆಳಗಿನ ಕಾಯಿಲ್ ತೀರಾ ಹತ್ತಿರ ಇದ್ದಿರಬೇಕು. ಕಪ್ಪು ತಟ್ಟೆ ಬಿಸಿಯನ್ನು ಜಾಸ್ತಿ ಎಳೆಯುತ್ತದೆ, ಅದರ ಕೆಳಗೆ ಇನ್ನೊಂದು ತಟ್ಟೆ ಇಟ್ಟರೆ ಸಾಕು. ಬಾಳೆಹಣ್ಣು ಹಾಕಿದ ದಿನ ಮಾತ್ರ ಕರಟುತ್ತದೆ ಅಂದರೆ ಓವನ್ನಿನ ತಪ್ಪಲ್ಲ, ಹಣ್ಣಿನ ಸಕ್ಕರೆ ಬೇಗ ಕೆಂಪಾಗುತ್ತದೆ. 10 ಡಿಗ್ರಿ ಇಳಿಸಿ.

ಕರಟಿದ್ದನ್ನು ನಾಯಿಗೆ ಹಾಕಬೇಡಿ. ಕೆರೆದು ತೆಗೆಯಲು ಆಗುವಷ್ಟು ತೆಳುವಾಗಿದ್ದರೆ ಸರಿ, ಇಲ್ಲದಿದ್ದರೆ ಗೊಬ್ಬರದ ಗುಂಡಿಗೆ.

ಲಟ್ಟಿಸಿದರೆ ಬಿರುಕು, ಹಿಡಿದರೆ ಪುಡಿ

ರಾಗಿ ಜಾಸ್ತಿ ಆಗಿದೆ. ರಾಗಿಗೆ ಗೋಧಿಯ ಅಂಟಿಲ್ಲ. ಅಕ್ಕಿ ಹಿಟ್ಟು, ಜೋಳದ ಹಿಟ್ಟು, ಓಟ್ಸ್ ಪುಡಿಯದ್ದೂ ಅದೇ ಕತೆ. ಪುಸ್ತಕದಲ್ಲಿ ಹೇಳಿದಷ್ಟೇ ನೀರು ಹಾಕಿ ಅವನ್ನು ಬಿಸ್ಕತ್ತು ಮಾಡಹೊರಟರೆ ಅಂಚು ಉದುರಿ ಡಬ್ಬದ ತಳದಲ್ಲಿ ಅರ್ಧ ಪುಡಿಯೇ ಸಿಗುತ್ತದೆ. ಹಾಗಂತ ಎಣ್ಣೆ ಹಾಕಬೇಡಿ, ಇನ್ನೂ ಉದುರುತ್ತದೆ. ನಾನು ಒಮ್ಮೆ ಹಾಗೆ ಮಾಡಿ ಮೈಸೂರುಪಾಕಿನ ಪುಡಿಯಂಥದ್ದನ್ನು ಚಮಚದಲ್ಲಿ ತಿನ್ನಿಸಿದ್ದೇನೆ.

ಗೋಧಿ ಒಗ್ಗುವ ನಾಯಿಯಾದರೆ ಮೂರು ಪಾಲು ಗೋಧಿ, ಒಂದು ಪಾಲು ರಾಗಿ ಇಟ್ಟುಕೊಳ್ಳಿ. ಕೆಲವು ನಾಯಿಗೆ ಗೋಧಿ ಆಗುವುದಿಲ್ಲ. ಅದಕ್ಕೆ ಮುದ್ದೆಯ ವಿದ್ಯೆ ಇದೆಯಲ್ಲ. ಹಸಿ ರಾಗಿ ಹಿಟ್ಟು ತಣ್ಣೀರಿಗೆ ಅಂಟುವುದಿಲ್ಲ, ಬಿಸಿಗೆ ಅಂಟುತ್ತದೆ. ಬೆಂದ ಕುಂಬಳ ಇನ್ನೂ ಒಲೆಯ ಮೇಲಿರುವಾಗಲೇ ಅಷ್ಟೂ ರಾಗಿ ಹಿಟ್ಟು ಉದುರಿಸಿ, ಸ್ವಲ್ಪ ಬಿಸಿನೀರು ಸೇರಿಸಿ, ಸಣ್ಣ ಉರಿಯಲ್ಲಿ ಕೋಲಿನಿಂದ ಎರಡು ನಿಮಿಷ ತಿರುವಿ. ಮುಚ್ಚಿ ಹತ್ತು ನಿಮಿಷ ಬಿಡಿ. ಕೈಗೆ ತಡೆಯುವಷ್ಟು ಆರಿದ ಮೇಲೆ ಮೊಟ್ಟೆ, ಶೇಂಗಾ ಹಾಕಿ ನಾದಿ. ಬಿಸಿಯಿದ್ದಾಗಲೇ ಮೊಟ್ಟೆ ಒಡೆದರೆ ಬುರ್ಜಿ ಆಗುತ್ತದೆ. ಇದು ಲಟ್ಟಿಸುವುದಕ್ಕಿಂತ ಒತ್ತಿ ತಟ್ಟಲು ಚೆನ್ನ, ಬಾಳೆ ಎಲೆಯ ಮೇಲೆ ಅಕ್ಕಿರೊಟ್ಟಿ ತಟ್ಟಿದಂತೆ. ಒಣಗಲು ಅರ್ಧ ಗಂಟೆ ಜಾಸ್ತಿ ಹಿಡಿಯುತ್ತದೆ.

ಉಬ್ಬಿ ಪೂರಿಯಂತಾದರೆ? ಚುಚ್ಚಿಲ್ಲ, ಅಷ್ಟೇ. ಸೋಡಾ ಹಾಕಿದ್ದರೆ ಮುಂದಿನ ಸಲ ಬಿಡಿ. ನಾಯಿ ಬಿಸ್ಕತ್ತು ಹಗುರ ಆಗಬೇಕಾದ ಅಗತ್ಯವೇ ಇಲ್ಲ.

ಕಲ್ಲಿನಷ್ಟು ಗಟ್ಟಿ

ಚೆನ್ನಾಗಿ ಒಣಗಿಸಲು ಕಲಿತವರಿಗೆ ಮುಂದಿನ ತೊಂದರೆ ಇದು. ಪಶುವೈದ್ಯರು ಹೇಳುವ ಅಳತೆ ಸುಲಭ. ಹೆಬ್ಬೆರಳಿನ ಉಗುರಿನಿಂದ ಒತ್ತಿದರೆ ಗುರುತಾದರೂ ಬೀಳಬೇಕು. ಅದೂ ಬೀಳದಷ್ಟು ಗಟ್ಟಿಯಾದದ್ದನ್ನು ಕಡಿಯಲು ಹೋಗಿ ನಾಯಿ ಹಲ್ಲು ಮುರಿದುಕೊಳ್ಳಬಹುದು. ಬಿಸ್ಕತ್ತು ಒಣಗಿಯೂ ಬಾಯಲ್ಲಿ ಒಡೆಯಬೇಕಾದರೆ ತೆಳ್ಳಗೆ ಮಾಡಬೇಕು. 10 ಮಿಲಿಮೀಟರ್ ದಪ್ಪದ ಮೂಳೆ ಆಕಾರದ್ದು ಫೋಟೋದಲ್ಲಿ ಚೆಂದ, ಹಲ್ಲಿಗೆ ಅಲ್ಲ. ಹಿಟ್ಟನ್ನು ಜಾಸ್ತಿ ನಾದಿದರೂ ಗೋಧಿ ಬಿಗಿಯುತ್ತದೆ. ಚಪಾತಿಗೆ ನಾದುವಷ್ಟು ಬೇಡ, ಒಂದು ಮುದ್ದೆ ಆದರೆ ಸಾಕು.

ಮುದಿ ನಾಯಿ, ಹಲ್ಲಿಲ್ಲದ ನಾಯಿಗೆ ಒಣಗಿಸುವ ಗೊಡವೆಯೇ ಬೇಡ. ಮೆತ್ತಗೆ ಬೇಯಿಸಿ ಫ್ರಿಜ್ಜಿನಲ್ಲಿಟ್ಟು ನಾಲ್ಕು ದಿನದೊಳಗೆ ಮುಗಿಸಿ.

ನಾಯಿ ಮೂಸಿ ಹೊರಟುಹೋಗುತ್ತದೆ

ಮೊದಲು ನೀವೇ ಮೂಸಿ. ಕಮಟು ವಾಸನೆ ಇದ್ದರೆ ಎಣ್ಣೆ ಅಂಶ ಕೆಟ್ಟಿದೆ, ಹೆಚ್ಚಾಗಿ ಹಳೆ ಶೇಂಗಾ ಅಥವಾ ಹಳೆ ಹಿಟ್ಟು. ನಮ್ಮ ಮೂಗಿಗೆ ಅರೆಬರೆ ಬರುವುದು ಅವಕ್ಕೆ ಜೋರಾಗಿ ಬರುತ್ತದೆ. ವಾಸನೆಯೇ ಇಲ್ಲದಿದ್ದರೆ ಅದೇ ತೊಂದರೆ. ನಾಯಿ ನಾಲಗೆಗಿಂತ ಮೂಗನ್ನು ನೆಚ್ಚುತ್ತದೆ. ಬರೀ ಗೋಧಿ, ಕ್ಯಾರೆಟ್ ಹಾಕಿ ಮಾಡಿದ್ದನ್ನು ಗುಂಡ ನನ್ನ ಮುಖ ನೋಡಿಕೊಂಡು ಚಪ್ಪಲಿ ಸ್ಟ್ಯಾಂಡಿನ ಹಿಂದೆ ಇಟ್ಟು ಬಂದ. ಅದೇ ಹಿಟ್ಟಿಗೆ ಕೋಳಿ ಬೇಯಿಸಿದ ನೀರು ಹಾಕಿದಾಗ ಓವನ್ ಬಿಟ್ಟು ಕದಲಲಿಲ್ಲ. ಆ ನೀರಿಗೆ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ, ಮಸಾಲೆ ಯಾವುದೂ ಬಿದ್ದಿರಬಾರದು. ಕರಾವಳಿಯವರು ಬೇಯಿಸಿ ಮುಳ್ಳು ಬಿಡಿಸಿದ ಬೂತಾಯಿ ಹಾಕಬಹುದು. ಒಣಮೀನು ಬೇಡ, ಅದರಲ್ಲಿ ಉಪ್ಪು ವಿಪರೀತ.

ಕೋಳಿ ಲಿವರ್ ಹಾಕುವುದಾದರೆ ಬೇಯಿಸಿಯೇ ಹಾಕಿ, ಸ್ವಲ್ಪವೇ ಹಾಕಿ. ಅದರಲ್ಲಿ ಎ ಜೀವಸತ್ವ ಜಾಸ್ತಿ, ದಿನಾ ತಿಂದರೆ ಒಳ್ಳೆಯದಲ್ಲ. ಬರೀ ಕೋಳಿ ಮಾಂಸವನ್ನು ಪಟ್ಟಿ ಮಾಡಿ ಒಣಗಿಸುವವರಿಗೆ ಒಂದು ಮಾತು. ಒಣಗಿಸಲು ಇಡುವ ಮೊದಲು ಮಾಂಸದ ಒಳಗಿನ ಬಿಸಿ 74 ಡಿಗ್ರಿ ಮುಟ್ಟಿರಬೇಕು. ಹಸಿ ಮಾಂಸವನ್ನು ನೇರ ಸಣ್ಣ ಉರಿಯಲ್ಲಿ ಒಣಗಿಸಿದರೆ ರೋಗಾಣು ಸಾಯುವ ಗ್ಯಾರಂಟಿ ಇಲ್ಲ.

ಯಾವಾಗಲೂ ತಿನ್ನುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಬಿಸ್ಕತ್ತನ್ನೂ ಬಿಟ್ಟು, ಊಟವನ್ನೂ ಬಿಟ್ಟಿದೆ ಅಂದರೆ ಬಿಸ್ಕತ್ತಿನ ತಪ್ಪು ಹುಡುಕುತ್ತಾ ಕೂರಬೇಡಿ. ನಾಯಿಯನ್ನು ತೋರಿಸಿ.

ತಿಂದ ಮೇಲೆ ಹೊಟ್ಟೆ ಕೆಟ್ಟಿತು

ಇಲ್ಲಿ ಮೊದಲ ಪ್ರಶ್ನೆ, ಎಷ್ಟು ತಿಂದಿತು? ಗುಂಡ 15 ಕೆಜಿ ಇದ್ದಾನೆ. ಅವನಂಥ ನಾಯಿಗೆ ದಿನಕ್ಕೆ ಬೇಕಾಗುವುದು ಸುಮಾರು 850 ಕ್ಯಾಲರಿ. ತಿಂಡಿ ಅದರ ಹತ್ತನೇ ಒಂದು ಭಾಗ ಮೀರಬಾರದು ಅನ್ನುವುದು ಪಶುವೈದ್ಯರ ಸಾಮಾನ್ಯ ಲೆಕ್ಕ, ಅಂದರೆ 85. ನನ್ನ 5 ಗ್ರಾಂ ಬಿಸ್ಕತ್ತಿನಲ್ಲಿ 19ರಷ್ಟಿದೆ. ಹಾಗಾಗಿ ದಿನಕ್ಕೆ ನಾಲ್ಕು. ಮಕ್ಕಳು ನಾಲ್ಕು, ಅಜ್ಜ ನಾಲ್ಕು, ನಾನು ನಾಲ್ಕು ಹಾಕಿದ ಭಾನುವಾರವೇ ಅವನಿಗೆ ಭೇದಿ ಆಗಿದ್ದು. ಬಿಸ್ಕತ್ತಿನಲ್ಲಿ ಯಾವ ದೋಷವೂ ಇರಲಿಲ್ಲ. ಈಗ ಬೆಳಿಗ್ಗೆಯೇ ನಾಲ್ಕನ್ನು ಎಣಿಸಿ ಒಂದು ಬಟ್ಟಲಿಗೆ ಹಾಕಿಡುತ್ತೇನೆ. ಬಟ್ಟಲು ಖಾಲಿ ಅಂದರೆ ಅವತ್ತಿಗೆ ಮುಗಿಯಿತು.

ಲೆಕ್ಕ ಸರಿಯಿದ್ದೂ ಹೊಟ್ಟೆ ಕೆಟ್ಟರೆ ಹೊಸದಾಗಿ ಏನು ಸೇರಿಸಿದಿರಿ ಅಂತ ನೋಡಿ. ಹಾಲಾ? ಬೆಳೆದ ನಾಯಿಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗುವುದಿಲ್ಲ. ಎರಡು ದಿನ ಬಿಸ್ಕತ್ತು ಪೂರ್ತಿ ನಿಲ್ಲಿಸಿ. ಹೊಟ್ಟೆ ಸರಿಯಾದ ಮೇಲೆ ಗೋಧಿ ಮತ್ತು ನೀರು ಮಾತ್ರ ಹಾಕಿದ ಬಿಸ್ಕತ್ತಿನಿಂದ ಶುರು ಮಾಡಿ, ನಾಲ್ಕೈದು ದಿನಕ್ಕೆ ಒಂದೊಂದೇ ಪದಾರ್ಥ ಸೇರಿಸುತ್ತಾ ಬನ್ನಿ. ಒಟ್ಟಿಗೆ ಮೂರು ಹೊಸದು ಹಾಕಿದರೆ ಯಾವುದು ಕಳ್ಳ ಅಂತ ಗೊತ್ತಾಗುವುದೇ ಇಲ್ಲ.

ಕೆಲವು ಪದಾರ್ಥಗಳಲ್ಲಿ ಈ ಪರೀಕ್ಷೆಗೆಲ್ಲಾ ಜಾಗ ಇಲ್ಲ. ಈರುಳ್ಳಿ ಮತ್ತು ಬೆಳ್ಳುಳ್ಳಿ, ಹಸಿಯಾಗಲಿ ಪುಡಿಯಾಗಲಿ, ನಾಯಿಯ ರಕ್ತಕಣ ಒಡೆಯುತ್ತವೆ. ಚಾಕೊಲೇಟು, ಕೋಕೋ ಪುಡಿ ವಿಷ. ಜಾಯಿಕಾಯಿ ಬೇಡ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿ ಕೆಡಿಸುತ್ತವೆ. ಅದಕ್ಕೆ ಟಾರ್ಟಾರಿಕ್ ಆಮ್ಲವೇ ಕಾರಣ ಇರಬೇಕು ಅಂತ 2021ರಿಂದ ಪಶುವೈದ್ಯರು ಹೇಳುತ್ತಿದ್ದಾರೆ. ನಮ್ಮ ಹುಣಸೆಹಣ್ಣಿನಲ್ಲಿ ಅದೇ ಆಮ್ಲ ಧಾರಾಳ. ಬೇಕಿಂಗಿಗೆ ಬಳಸುವ ಕ್ರೀಮ್ ಆಫ್ ಟಾರ್ಟರ್‌ನಲ್ಲೂ ಅದೇ. ಯೀಸ್ಟ್ ಹಾಕಿದ ಹಸಿ ಹಿಟ್ಟು ನಾಯಿಗೆ ಎಟುಕುವಲ್ಲಿ ಇಡಬೇಡಿ, ಹೊಟ್ಟೆಯೊಳಗೆ ಉಬ್ಬಿ ಅಲ್ಲೇ ಮದ್ಯಸಾರ ಆಗುತ್ತದೆ.

ಅಂಗಡಿಯ ಪೀನಟ್ ಬಟರ್ ತರುವುದಾದರೆ ಲೇಬಲ್ ಓದಿ. ಸಕ್ಕರೆ ರಹಿತ ಅಂತ ಬರೆದಿದ್ದರೆ ಎರಡು ಸಲ ಓದಿ. ಕ್ಸೈಲಿಟಾಲ್ ಎಂಬ ಸಿಹಿ ಇದ್ದರೆ ಬೇಡ. ಹೆಸರಿನ ಬದಲು 967 ಅಂತ ನಂಬರ್ ಮಾತ್ರ ಹಾಕಿರುವುದೂ ಉಂಟು. ಅದು ಸ್ವಲ್ಪವೇ ಹೋದರೂ ನಾಯಿಯ ರಕ್ತದ ಸಕ್ಕರೆ ಅರ್ಧ ಗಂಟೆಯಲ್ಲಿ ಕುಸಿಯಬಹುದು. ಇಂಥದ್ದೇನಾದರೂ ತಿಂದಿದೆ ಅಂತ ಗೊತ್ತಾದರೆ, ಲಕ್ಷಣ ಕಾಣಲಿ ಅಂತ ಕಾಯದೆ ಲೇಬಲ್ ಕೈಯಲ್ಲಿ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ. ಮೇಲಿಂದ ಮೇಲೆ ವಾಂತಿ, ಭೇದಿಯಲ್ಲಿ ರಕ್ತ, ತೂರಾಡುವುದು, ಏಳಲಾಗದ ಸುಸ್ತು ಇದ್ದರೂ ಹಾಗೇ.

ನಾನು ಪ್ರತಿ ಸಲದ ಲೆಕ್ಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಖಿನ ಪಕ್ಕದಲ್ಲೇ. ಏನು ಹಾಕಿದೆ, ಹಸಿ ತೂಕ, ಒಣ ತೂಕ, ಗುಂಡ ಏನಂದ. ಕಳೆದ ಜುಲೈ 14ರ ಚೌಕದಲ್ಲಿ ಹೀಗಿದೆ: "ಗೆಣಸು. 370–251. ಮಳೆ. ತಿಂದ." ಆ ಡಬ್ಬ ಆಗಸ್ಟ್ 3ಕ್ಕೆ ಖಾಲಿಯಾಯಿತು, ತಳದ ಬಿಸ್ಕತ್ತೂ ಟಣ್ ಅಂತಲೇ ಇತ್ತು.